ತ್ರಿವಿಕ್ರಮರ ಮಳೆಗಾಲ

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಮಹನೀಯರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ನಾವು ಕರೆಯುವುದು ತ್ರಿವಿಕ್ರಮರು ಎಂದು. ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೊಂದು, ನಡುವೆ ಕಾಫಿಗೂ ನಿಲ್ಲದೆ ಮುಗಿಸಬೇಕಾದ ಟ್ರಯಥ್ಲಾನ್‌ಗೆ ಅವರು ದುಡ್ಡು ಕಟ್ಟಿದ ದಿನ ಈ ನಾಮಕರಣ ಆಯಿತು. ಮೊದಲ ಹೆಜ್ಜೆ ನೀರಿನಲ್ಲಿ, ಎರಡನೆಯದು ಪೆಡಲಿನ ಮೇಲೆ. ಮೂರನೆಯದನ್ನು ಎಲ್ಲಿಡಲಿ ಎಂದಾಗ ತಲೆ ಕೊಟ್ಟವರು ಅವರ ಮನೆಯವರು.

ಇಂಥವರು ಈಗ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಒಬ್ಬರಂತೆ ಹಂಚಿಕೆಯಾಗಿದ್ದಾರೆ. ವಯಸ್ಸು ನಲವತ್ತರ ಆಚೀಚೆ. ಕಂಪನಿಯಲ್ಲಿ ಹುದ್ದೆಯ ಹೆಸರು ಉದ್ದ. ಕೆಲಸ ಏನೆಂದು ಹೆಂಡತಿಗೂ ಸರಿಯಾಗಿ ಗೊತ್ತಿಲ್ಲ. ಯಾವುದೋ ವರ್ಷದ ತಪಾಸಣೆಯಲ್ಲಿ ಕೊಲೆಸ್ಟರಾಲ್ ಎದುರಿಗೆ ಕೆಂಪು ಬಾಣ ಬಂದಿರುತ್ತದೆ. ಮೊದಲು ಲಾಲ್‌ಬಾಗ್‌ನಲ್ಲಿ ವಾಕಿಂಗ್, ಆಮೇಲೆ ಹತ್ತು ಕಿಲೋಮೀಟರ್ ಓಟ, ಆಮೇಲೆ ಹಾಫ್ ಮ್ಯಾರಥಾನ್. ಅಲ್ಲಿಗೇ ನಿಂತಿದ್ದರೆ ಕೇರಿಗೆ ಉಪದ್ರವ ಇರಲಿಲ್ಲ. ಆದರೆ 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾದ ಐರನ್‌ಮನ್ 70.3 ಮುಗಿಸಿ, ಪ್ರಧಾನಿಯವರಿಂದ ಶಹಬ್ಬಾಸ್ ಕೂಡ ಅನ್ನಿಸಿಕೊಂಡರು. ಸಂಸದರಿಗೇ ಪುರುಸೊತ್ತು ಸಿಗುವುದಾದರೆ ನಮಗೇಕೆ ಸಿಗಬಾರದು ಎಂಬ ಪ್ರಶ್ನೆ ಕ್ಷೇತ್ರದ ಅನೇಕ ಮನೆಗಳಲ್ಲಿ ಎದ್ದಿತು. ಸಮುದ್ರದಲ್ಲಿ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ, ಎಲ್ಲ ಸೇರಿ ಎಂಟೂವರೆ ಗಂಟೆಯೊಳಗೆ. ಅಷ್ಟು ಹೊತ್ತು ತ್ರಿವಿಕ್ರಮರು ಆಫೀಸಿನಲ್ಲಿ ಕೂತದ್ದನ್ನೂ ಕಂಡವರಿಲ್ಲ.

ತ್ರಿವಿಕ್ರಮರ ಗೋವಾ ಸ್ಪರ್ಧೆ ನವೆಂಬರ್ ಎರಡನೇ ಭಾನುವಾರ. ಕೋಚ್ ಕಳಿಸಿದ ತಯಾರಿಯ ಪಟ್ಟಿ ಹದಿನಾರು ವಾರದ್ದು. ಬೇಸ್, ಬಿಲ್ಡ್, ಪೀಕ್, ಟೇಪರ್ ಎಂದು ನಾಲ್ಕು ಬಣ್ಣ. ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದಾಗ ಅವರ ತಾಯಿ ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ಒಳಗಿನಿಂದ ಒಂಟಿಕೊಪ್ಪಲ್ ಪಂಚಾಂಗ ತಂದು ಪಕ್ಕದಲ್ಲಿಟ್ಟರು. ಬೆರಳು ಮಡಚಿ ಎಣಿಸಿದರು: ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. “ನಿನ್ನ ಹದಿನಾರು ವಾರ ಅಂದ್ರೆ ಸರಿಯಾಗಿ ಎಂಟು ಮಳೆ ಕಣೋ. ಎಂಟು ಮಳೇಲಿ ನೆನೆದು, ಕೊನೆಗೆ ಗೋವಾಕ್ಕೆ ಹೋಗಿ ಮತ್ತೆ ನೀರಿಗೇ ಬೀಳ್ತೀಯಾ?”

ಲೆಕ್ಕ ತಪ್ಪಿರಲಿಲ್ಲ. ಬೆಂಗಳೂರಿಗೆ ವರ್ಷದಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ, ಅದರ ಬೆನ್ನಿಗೆ ಅಕ್ಟೋಬರಿನಲ್ಲಿ. ಕೋಚ್‌ನ ಪಟ್ಟಿಯಲ್ಲಿ ಬಿಲ್ಡ್ ಮತ್ತು ಪೀಕ್ ಎಂಬ ಕಷ್ಟದ ವಾರಗಳು ಕೂತಿದ್ದದ್ದೂ ಅಲ್ಲಿಯೇ. ತಾಯಿಯವರ ತವರು ತೀರ್ಥಹಳ್ಳಿ ಕಡೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆ ಅವರದೇ ತಾಲ್ಲೂಕು. ಸಾವಿರವನ್ನೂ ಮುಟ್ಟಲು ಒದ್ದಾಡುವ ಬೆಂಗಳೂರಿನದನ್ನು ಅವರು ಮಳೆ ಎಂದು ಒಪ್ಪುವುದಿಲ್ಲ. ಮಗ ಸಾವಿರಾರು ರೂಪಾಯಿ ತೆತ್ತು ತಂದ ಏರೋ ಹೆಲ್ಮೆಟ್ಟನ್ನು, ಹಿಂದೆ ಬಾಲ ಚಾಚಿಕೊಂಡಿದ್ದ ಆ ಬುರುಡೆಯನ್ನು, ಹಿಂದೆ ಮುಂದೆ ತಿರುಗಿಸಿ ನೋಡಿ ಅವರು ಹೇಳಿದ್ದು: “ನಾಟಿ ಗದ್ದೇಲಿ ಹಾಕ್ಕೊಳ್ತಿದ್ದ ಗೊರಬಿನ ಹಾಗೇ ಇದೆ. ಅದಾದ್ರೆ ಬೆನ್ನೂ ಮುಚ್ತಿತ್ತು.”

ಮಳೆ ತ್ರಿವಿಕ್ರಮರ ಶತ್ರು ಎಂದು ಮೊದಮೊದಲು ನಾವೆಲ್ಲ ಮರುಗಿದೆವು. ನೋಡುತ್ತ ನೋಡುತ್ತ ಗೊತ್ತಾಯಿತು, ಅವರಿಗೆ ಮಳೆಯಷ್ಟು ಒದಗುವ ನೆಂಟ ಇನ್ನೊಬ್ಬನಿಲ್ಲ. ಮಳೆಯಲ್ಲಿ ಹೋಗಿಬಂದರೆ ಶೌರ್ಯ, ಹೋಗದಿದ್ದರೆ ವಿವೇಕ. ಒಣಹವೆಯಲ್ಲಿ ಮಲಗಿಬಿಟ್ಟರೆ ಮಾತ್ರ ಸೋಮಾರಿತನ, ಆ ಅವಕಾಶವನ್ನು ಆಕಾಶ ಕೊಡುತ್ತಲೇ ಇರಲಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಅಲಾರಂ ಹೊಡೆಯುತ್ತದೆ. ಅವರು ಬಾಲ್ಕನಿಗೆ ಬಂದು, ಅಂಗೈ ಚಾಚಿ, ಹನಿ ಹಿಡಿದು ನೋಡುತ್ತಾರೆ. ಹನಿಯ ಗಾತ್ರ, ರಾತ್ರಿ ಮಲಗಿದ ಹೊತ್ತು, ಹಿಂದಿನ ದಿನ ಹೆಂಡತಿ ಆಡಿದ ಮಾತು ಇವುಗಳನ್ನೆಲ್ಲ ಕೂಡಿಸಿ ಕಳೆದು ಅವತ್ತಿನದು ಶೌರ್ಯವೋ ವಿವೇಕವೋ ತೀರ್ಮಾನವಾಗುತ್ತದೆ.

ವಿವೇಕದ ದಿನಗಳಿಗೆ ಅವರ ಬಳಿ ಪ್ಯಾರಿಸ್ ಇದೆ. “ಒಲಿಂಪಿಕ್ಸ್‌ನಲ್ಲೇ ಏನಾಯ್ತು ನೋಡಲಿಲ್ವಾ?” ಎಂದು ಶುರು ಮಾಡುತ್ತಾರೆ. 2024ರಲ್ಲಿ ಮಳೆ ಸುರಿದು ಸೇನ್ ನದಿಗೆ ಚರಂಡಿ ನೀರು ಸೇರಿ, ಜುಲೈ 30ಕ್ಕೆ ಇದ್ದ ಪುರುಷರ ಟ್ರಯಥ್ಲಾನನ್ನು 31ಕ್ಕೆ ಮುಂದೂಡಿದ ಕಥೆ ಅದು. ನದಿ ಶುದ್ಧಿಗೆ ಸುಮಾರು 140 ಕೋಟಿ ಯೂರೋ ಸುರಿದವರೇ ಮಳೆಗೆ ಮಣಿದಿರುವಾಗ, ತಿಂಗಳಿಗೆ ಇಷ್ಟೆಂದು ಮೇಂಟೆನೆನ್ಸ್ ಕಟ್ಟುವ ನಾವು ಮಣಿಯದಿರುವುದು ಉದ್ಧಟತನ ಎಂಬುದು ಅವರ ವಾದ. ಅದೇ 31ರ ಬೆಳಗ್ಗೆ ಮಹಿಳೆಯರ ಸ್ಪರ್ಧೆಯಲ್ಲಿ ಒದ್ದೆ ರಸ್ತೆಯ ಮೇಲೆ ಒಬ್ಬರ ಮೇಲೊಬ್ಬರು ಜಾರಿ ಬಿದ್ದರೂ ಎದ್ದು ಮುಗಿಸಿದವರಿದ್ದಾರೆ ಎಂಬ ಉತ್ತರಾರ್ಧವನ್ನು ಅವರು ಶೌರ್ಯದ ದಿನಗಳಿಗೆ ಮೀಸಲಿಟ್ಟುಕೊಂಡಿದ್ದಾರೆ.

ಈಜಿನ ಕಷ್ಟವೇ ಬೇರೆ. ಸ್ಪರ್ಧೆ ಸಮುದ್ರದಲ್ಲಿ, ಅದಕ್ಕೆ ತೆರೆದ ನೀರಿನ ಅಭ್ಯಾಸ ಬೇಕು. ಕೆರೆಗಳ ಊರು ಎಂದು ಹೆಸರಾದ ಬೆಂಗಳೂರಿನಲ್ಲಿ ಕಾಲಿಡಬಹುದಾದ ಕೆರೆ ಹುಡುಕುವುದು ಹೆಣ್ಣು ಹುಡುಕುವುದಕ್ಕಿಂತ ಕಷ್ಟ. ಮಳೆ ಬಂದರೆ ಬೆಳ್ಳಂದೂರಿನಲ್ಲಿ ನೊರೆ ಎದ್ದು ರಸ್ತೆಗೆ ಬರುತ್ತಿತ್ತು. 2017ರಲ್ಲಿ ಅದೇ ಕೆರೆಗೆ ಬೆಂಕಿಯೂ ಬಿದ್ದಿತ್ತು. ನೀರೇ ಹೊತ್ತಿಕೊಳ್ಳುವ ಊರಿನಲ್ಲಿ ಮನುಷ್ಯ ಎಲ್ಲಿ ಧುಮುಕಬೇಕು? ಔಟರ್ ರಿಂಗ್ ರೋಡಿನಲ್ಲೇ ಈಜಬಹುದಲ್ಲ ಎಂಬ ಹಾಸ್ಯವನ್ನು, ನೆರೆ ಬಂದು ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ 2022ರ ಸೆಪ್ಟೆಂಬರಿನಿಂದ ಊರೆಲ್ಲ ಹೇಳಿ ಸವೆಸಿದೆ. ನಮ್ಮ ವಾಚ್‌ಮನ್ ಕೂಡ ಹೇಳಿದ್ದಾನೆ, ಹಾಗಾಗಿ ನಾನು ಬಿಡುತ್ತೇನೆ.

ಉಳಿದದ್ದು ನಮ್ಮ ಅಪಾರ್ಟ್‌ಮೆಂಟಿನ ಕೊಳ. ಅದು ಗೋಡಂಬಿಯ ಆಕಾರದ್ದು, ಉದ್ದ ಹದಿನೈದು ಮೀಟರ್. 1.9 ಕಿಲೋಮೀಟರ್ ಆಗಬೇಕಾದರೆ ಅತ್ತಿಂದಿತ್ತ 127 ಸಲ. ಮಧ್ಯದಲ್ಲಿ ಲೆಕ್ಕ ತಪ್ಪಿದರೆ ಮೆಟ್ಟಿಲ ಮೇಲೆ ಕೂತ ಮಕ್ಕಳನ್ನು ಕೇಳುತ್ತಾರೆ, ಮಕ್ಕಳು ಬೇಕೆಂದೇ ಕಡಿಮೆ ಹೇಳುತ್ತವೆ. ಗುಡುಗಿದರೆ ಕೊಳ ಮುಚ್ಚಬೇಕೆಂದು ಸಂಘದ ನಿಯಮ. ಆಶ್ಲೇಷ ಮಳೆಯಲ್ಲಿ ದಿನವೂ ಸಂಜೆ ಆರಕ್ಕೆ ಗುಡುಗು. ತ್ರಿವಿಕ್ರಮರು ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ, ಮೂರರಿಂದ ಭಾಗಿಸಿ, ಸಿಡಿಲು ಇಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ಕಾರ್ಯದರ್ಶಿಗೆ ಲಿಖಿತ ಅರ್ಜಿ ಕೊಟ್ಟರು. ನಿವೃತ್ತ ಬ್ಯಾಂಕ್ ಅಧಿಕಾರಿಯಾದ ಕಾರ್ಯದರ್ಶಿ ಅದರ ಮೇಲೆ ‘ಪರಿಶೀಲಿಸಲಾಗುವುದು’ ಎಂದು ಬರೆದು ಫೈಲಿಗೆ ಸೇರಿಸಿದರು.

ವೆಟ್‌ಸೂಟಿನ ವಿಚಾರ ಹೇಳದಿದ್ದರೆ ಅನ್ಯಾಯವಾದೀತು. ಮೈಗಂಟಿದ ಕಪ್ಪು ರಬ್ಬರಿನ ಆ ಉಡುಪನ್ನು ಅವರು ತರಿಸಿದ ಮೇಲೆ ನಿಯಮಪುಸ್ತಕ ಓದಿದರು. ನೀರಿನ ಉಷ್ಣಾಂಶ 24.5 ಡಿಗ್ರಿ ಮೀರಿದರೆ ವೆಟ್‌ಸೂಟ್ ತೊಟ್ಟವರಿಗೆ ಬಹುಮಾನದ ಲೆಕ್ಕವಿಲ್ಲ, ಇನ್ನೂ ಬಿಸಿಯಾದರೆ ತೊಡುವಂತೆಯೇ ಇಲ್ಲ. ಗೋವಾದ ಸಮುದ್ರ ಯಾವ ಕಾಲಕ್ಕೂ ಅಷ್ಟು ತಣ್ಣಗಿರುವುದಿಲ್ಲ. ವಾಪಸು ತೆಗೆದುಕೊಳ್ಳುವ ಗಡುವೂ ಮುಗಿದಿತ್ತು. ಹುಬ್ಬೆ ಮಳೆ ಜೋರಾಗಿದ್ದ ಒಂದು ಸಂಜೆ ಅದನ್ನೇ ತೊಟ್ಟು ಸ್ಕೂಟರಿನಲ್ಲಿ ಹೋಗಿ ಕರಿಬೇವು, ಕೊತ್ತಂಬರಿ ತಂದರು. ಬಾಗಿಲು ತೆಗೆದ ಹೆಂಡತಿ ಏನೂ ಹೇಳಲಿಲ್ಲವಂತೆ. ಸೊಪ್ಪನ್ನು ಮಾತ್ರ ತೆಗೆದುಕೊಂಡು ಬಾಗಿಲು ಹಾಕಿದರಂತೆ.

ಸೈಕಲ್ಲಿನ ಮಳೆಗಾಲ ಬಾಲ್ಕನಿಯಲ್ಲಿ. ಹಿಂದಿನ ಚಕ್ರ ಕಳಚಿ ಟ್ರೈನರ್ ಎಂಬ ಯಂತ್ರಕ್ಕೆ ಸೈಕಲ್ ಸಿಕ್ಕಿಸಿ, ಎದುರಿಗೆ ಟ್ಯಾಬ್ ಇಟ್ಟು, ಜ್ವಿಫ್ಟ್ ಎಂಬ ಆ್ಯಪ್‌ನ ಊಹಾ ದ್ವೀಪದಲ್ಲಿ ಅವರು ಬೆಟ್ಟ ಹತ್ತುತ್ತಾರೆ. ಕೂತಲ್ಲೇ ಕೂತು ಎರಡು ಗಂಟೆ ತುಳಿದವರ ಬೆವರು ಎಷ್ಟೆಂದು ನಮಗೆ ತಿಳಿದದ್ದು ಎರಡನೇ ಮಹಡಿಯವರು ಸೋರಿಕೆಯ ದೂರು ಕೊಟ್ಟಾಗ. ಪ್ಲಂಬರ್ ಬಂದ, ಪೈಪು ತಟ್ಟಿದ, ಬೆರಳಲ್ಲಿ ಮುಟ್ಟಿ ನಾಲಿಗೆಗೆ ತಾಗಿಸಿಕೊಂಡ. “ಇದು ಮಳೆನೀರಲ್ಲ ಸಾರ್, ಉಪ್ಪಿದೆ” ಎಂದ. ಆ ಹುಡುಗನ ವೃತ್ತಿನಿಷ್ಠೆಗೆ ನಾನು ತಲೆಬಾಗುತ್ತೇನೆ. ಬೇಸರಕ್ಕೆಂದು ಒಂದು ದಿನ ದ್ವೀಪ ಬಿಟ್ಟು ಲಂಡನ್ ರಸ್ತೆ ಆರಿಸಿಕೊಂಡರೆ ಅಲ್ಲಿಯೂ, ಪರದೆಯೊಳಗೆ, ಮಳೆ ಸುರಿಯುತ್ತಿತ್ತು.

ಶೌರ್ಯದ ದಿನಗಳೂ ಇದ್ದವು, ಇಲ್ಲವೆನ್ನಲಾರೆ. ಕನಕಪುರ ರಸ್ತೆಯಲ್ಲಿ ಕತ್ತಲಿರುವಾಗಲೇ ಹೊರಟು, ಕೆಸರು ಮೆತ್ತಿದ ಬೆನ್ನಿನೊಡನೆ ಹತ್ತಕ್ಕೆ ಮರಳಿದವರನ್ನು ನಾನೇ ಗೇಟಿನಲ್ಲಿ ಕಂಡಿದ್ದೇನೆ. ಆ ಬೆನ್ನಿಗೆ ಕೈ ಮುಗಿಯಬೇಕು ಅನ್ನಿಸಿತ್ತು. ಆದರೆ ಅಂಥ ದಿನ ಲಿಫ್ಟಿನಲ್ಲಿ ಅವರ ಜೊತೆ ಸಿಕ್ಕಿಕೊಳ್ಳಬಾರದು. ಮಳೆ ಶುರುವಾದ ಮೊದಲ ಹತ್ತು ನಿಮಿಷ ರಸ್ತೆಯ ಮೇಲಿನ ಎಣ್ಣೆ ಎದ್ದು ತೇಲುತ್ತದೆ, ಅದೇ ಅಪಾಯ. ಟೈರಿನ ಗಾಳಿ ಸ್ವಲ್ಪ ಇಳಿಸಬೇಕು. ಮ್ಯಾನ್‌ಹೋಲ್ ಮುಚ್ಚಳದ ಮೇಲೆ, ಬಿಳಿ ಪಟ್ಟಿಯ ಮೇಲೆ ತಿರುವು ತೆಗೆದುಕೊಳ್ಳಬಾರದು. ರಿಮ್ ಬ್ರೇಕ್ ಒದ್ದೆಯಾದರೆ ಹಿಡಿಯುವುದು ತಡ. ಎಲ್ಲ ನಿಜ, ಎಲ್ಲ ಉಪಯುಕ್ತ. ಲಿಫ್ಟಿನಲ್ಲಿದ್ದ ನಾಲ್ವರಲ್ಲಿ ಒಬ್ಬರಿಗೂ ಸೈಕಲ್ ಇಲ್ಲ. ಮ್ಯಾನ್‌ಹೋಲಿಗೆ ಮುಚ್ಚಳ ಇರುತ್ತದೆ ಎಂಬ ಅವರ ವಿಶ್ವಾಸವನ್ನು ಮುರಿಯಲೂ ಯಾರಿಗೂ ಮನಸ್ಸು ಬರಲಿಲ್ಲ.

ನಿಜವಾದ ಕದನ ನಡೆದದ್ದು ಮನೆಯೊಳಗೆ, ಒಣಹಾಕುವ ಹಗ್ಗದ ಮೇಲೆ. ಉತ್ತರೆ ಮಳೆಯಲ್ಲಿ ಬಟ್ಟೆ ಒಣಗುವುದೇ ಪವಾಡ. ಅಂಥದರಲ್ಲಿ ದಿನಕ್ಕೆರಡು ಜೊತೆ ಲೈಕ್ರಾ. ತಾಯಿಯವರ ಮಡಿ ಸೀರೆಗೆ ಮಗನ ಬಿಬ್ ಶಾರ್ಟ್ಸ್ ತಗುಲಿ ಒಂದೇ ವಾರದಲ್ಲಿ ಮೂರು ಸಲ ಮಡಿ ಮುರಿಯಿತು. ಹಗ್ಗವನ್ನು ಇಬ್ಭಾಗ ಮಾಡಿ ನಡುವೆ ಒಂದು ಕೆಂಪು ಕ್ಲಿಪ್ಪು ಸಿಕ್ಕಿಸಿ ಗಡಿ ಗುರುತಿಸಿದವರು ಹೆಂಡತಿ. ತಂದೆಯವರ ಗೋಳು ಪತ್ರಿಕೆಯದು. ಒದ್ದೆ ಶೂಗೆ ಹಳೆ ಪತ್ರಿಕೆ ತುರುಕಿದರೆ ಬೇಗ ಒಣಗುತ್ತದೆ ಎಂಬುದು ಓಟಗಾರರ ಹಳೆಯ ಉಪಾಯ. ಮನೆಯ ಹಳೆ ಪತ್ರಿಕೆಗಳೆಲ್ಲ ಹಸ್ತ ಮಳೆ ಬರುವ ಹೊತ್ತಿಗೆ ಮುಗಿದಿದ್ದವು. ಒಂದು ಬೆಳಗ್ಗೆ ತಂದೆಯವರು ಪದಬಂಧ ಬಿಡಿಸಲು ಪೆನ್ಸಿಲ್ ಚೂಪು ಮಾಡಿಕೊಂಡು ಬಂದರೆ ಅಡ್ಡ ಸಾಲುಗಳು ಎಡಗಾಲಿನ ಶೂನಲ್ಲಿ, ಉದ್ದ ಸಾಲುಗಳು ಬಲಗಾಲಿನದರಲ್ಲಿ. ಈಗ ಅವರು ಮೊದಲು ಶೂ ರ್‍ಯಾಕ್ ನೋಡಿ ಆಮೇಲೆ ಕಾಫಿಗೆ ಕೂರುತ್ತಾರೆ.

ಊಟದ ಮಾತು. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು ಎಂದು ಗಾದೆ. ತಾಯಿಯವರು ಇದನ್ನು ನಂಬಿ ಆ ಎರಡು ವಾರ ಕಡುಬು, ಪತ್ರೊಡೆ, ಅಕ್ಕಿರೊಟ್ಟಿ ಎಂದು ಒಲೆ ಆರಿಸಲಿಲ್ಲ. ಮನೆಮಗ ಟೂತ್‌ಪೇಸ್ಟಿನಂಥ ಪೊಟ್ಟಣದಿಂದ ಜೆಲ್ ಹಿಂಡಿಕೊಂಡು ತಿಂದು, ರೇಸ್ ವೆಯ್ಟ್ ಎಂದು ನಿಟ್ಟುಸಿರಿಟ್ಟರು. ಕಡುಬು ಕೆಳಗಿನ ಮಹಡಿಗಳಿಗೆ ಇಳಿದು ಬಂತು. ತ್ರಿವಿಕ್ರಮರ ಟ್ರಯಥ್ಲಾನ್ ವ್ರತದಿಂದ ತೂಕ ಹೆಚ್ಚಿಸಿಕೊಂಡವರಲ್ಲಿ ನಾನೂ ಒಬ್ಬ.

ಇಷ್ಟೆಲ್ಲ ಯಾರ ತಲೆಯಿಂದ ಹುಟ್ಟಿತು ಎಂದು ತಂದೆಯವರು ಒಮ್ಮೆ ಕೇಳಿದರು. ತ್ರಿವಿಕ್ರಮರು ಕಣ್ಣರಳಿಸಿ ಹವಾಯಿ ದ್ವೀಪದ ಪುರಾಣ ಬಿಚ್ಚಿದರು. 1978ರಲ್ಲಿ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ, ಈಜುಗಾರ ಗಟ್ಟಿಯೋ ಓಟಗಾರ ಗಟ್ಟಿಯೋ ಎಂಬ ಹರಟೆಯಿಂದ ಐರನ್‌ಮನ್ ಕಟ್ಟಿದ್ದು, ಹದಿನೈದು ಜನ ಹೊರಟು ಹನ್ನೆರಡು ಜನ ಮುಗಿಸಿದ್ದು, ಗಾರ್ಡನ್ ಹಾಲರ್ 11 ಗಂಟೆ 46 ನಿಮಿಷದಲ್ಲಿ ಗೆದ್ದದ್ದು. ಎರಡನೆಯವನಾಗಿ ಬಂದವನಿಗೆ ದಾರಿಯಲ್ಲಿ ನೀರು ಮುಗಿದು ಅವನ ಕಡೆಯವರು ಬಿಯರ್ ಕುಡಿಸಿದರಂತೆ ಎಂಬ ಭಾಗ ಮನೆಯಲ್ಲಿ ಹೇಳುವಂಥದಲ್ಲ. ಅದನ್ನು ನನಗೆ ಪಾರ್ಕಿಂಗ್‌ನಲ್ಲಿ ಹೇಳಿದರು. ತಂದೆಯವರು ಎಲ್ಲ ಕೇಳಿ, “ಹರಟೆ ಹೊಡೆದವರು ಹರಟೆ ಮುಗಿಸಿ ಮನೆಗೆ ಹೋಗಬೇಕಿತ್ತು” ಎಂದರು.

ಈಗ ಸ್ವಾತಿ ನಡೆಯುತ್ತಿದೆ. ಕೋಚ್‌ನ ಪಟ್ಟಿಯಲ್ಲಿ ಟೇಪರ್ ವಾರಗಳು. ಅಂದರೆ ಮೈಗೆ ವಿಶ್ರಾಂತಿ ಕೊಡಬೇಕು, ಹೆಚ್ಚು ತುಳಿಯುವಂತಿಲ್ಲ, ಓಡುವಂತಿಲ್ಲ. ಸ್ವಾತಿ ಈ ಸಲ ಕೈಕೊಟ್ಟಿದೆ. ಆಕಾಶ ತೊಳೆದಿಟ್ಟ ಹಾಗೆ, ರಸ್ತೆ ಒಣಗಿ ಗರಿಗರಿ, ಕೊಳ ದಿನವಿಡೀ ತೆರೆದಿದೆ. ತಿಂಗಳುಗಟ್ಟಲೆ ಕಾದ ಹವಾಮಾನ ಬಂದಾಗ ತ್ರಿವಿಕ್ರಮರು ಸೋಫಾದ ಮೇಲೆ ಕಾಲು ಎತ್ತಿಟ್ಟು ಕೂರಬೇಕಾಗಿದೆ. ಶೌರ್ಯಕ್ಕೂ ದಾರಿಯಿಲ್ಲ, ವಿವೇಕಕ್ಕೂ ಕೆಲಸವಿಲ್ಲ. ಮನೆಯವರು ಎರಡೇ ದಿನದಲ್ಲಿ ಸುಸ್ತಾಗಿ ಅವರನ್ನು ಹೊರಗೆ ಕಳಿಸಿದ್ದಾರೆ.

ಹಾಗೆ ಹೊರಬಿದ್ದವರು ಮಹಡಿ ಮಹಡಿ ಇಳಿದು ಬಾಗಿಲು ತಟ್ಟುತ್ತಿದ್ದಾರೆ. ಮುಂದಿನ ವರ್ಷಕ್ಕೆ ರಿಲೇ ತಂಡ ಕಟ್ಟುವುದಂತೆ: ಒಬ್ಬರು ಈಜು, ಒಬ್ಬರು ಸೈಕಲ್, ಒಬ್ಬರು ಓಟ. ಸೈಕಲ್ ಅವರದೇ. ಸಿಡಿಲಿನ ಅರ್ಜಿ ಫೈಲಿಗೆ ಹಾಕಿದ ಕಾರ್ಯದರ್ಶಿಗಳು ಚಿಕ್ಕಂದಿನಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವೇರಿ ಈಜಿದವರಂತೆ, ಅವರನ್ನು ಆಗಲೇ ಒಪ್ಪಿಸಿ ಆಗಿದೆ. ನನ್ನ ಬಾಗಿಲಿಗೂ ಬಂದರು. ಕಡುಬಿನ ಋಣ ನೆನಪಿಸಲಿಲ್ಲ, ಅಷ್ಟು ಸಜ್ಜನ. ಕೈಯಲ್ಲಿ ಹೊಸ ಪಟ್ಟಿ ಹಿಡಿದಿದ್ದರು, ಮೂರನೇ ಸಾಲಿನಲ್ಲಿ ಓಟ ಎಂದು ಬರೆದು ಎದುರಿಗೆ ಖಾಲಿ ಬಿಟ್ಟಿದ್ದರು.

“ಶೂ ಸೈಜ್ ಎಷ್ಟು ನಿಮ್ಮದು?” ಎಂದರು.