ಭಾವನ ಬಂದೂಕು, ಅಕ್ಕನ ಸೀರೆ

ನಮ್ಮ ಭಾವನ ಹತ್ತಿರ ಒಂದು ಬಂದೂಕಿದೆ. ಈ ಮಾತನ್ನು ದಾವಣಗೆರೆಯಲ್ಲಿ ಹೇಳಿದರೆ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಹರಿಹರದಲ್ಲಿ ಹೇಳಿದರೆ ನಗುತ್ತಾರೆ. ಎರಡೂ ಊರಿನ ನಡುವೆ ಇರುವುದು ಹದಿನಾಲ್ಕೇ ಕಿಲೋಮೀಟರು. ವ್ಯತ್ಯಾಸ ಇಷ್ಟೇ, ಹರಿಹರದವರು ಆ ಬಂದೂಕನ್ನು ಕಣ್ಣಾರೆ ನೋಡಿದ್ದಾರೆ.

ಲೈಸೆನ್ಸ್ ಪುಸ್ತಕದಲ್ಲಿ ಅದರ ಹೆಸರು ಎಸ್‌ಬಿಎಂಎಲ್. ಒಂಟಿ ನಳಿಗೆ, ಮದ್ದನ್ನು ಬಾಯಿಂದಲೇ ತುಂಬಬೇಕು ಅಂತ ಅರ್ಥ. ಮಲೆನಾಡಿನ ಕಡೆ ಕೇಪಿನ ಕೋವಿ ಅನ್ನುತ್ತಾರೆ. ಭಾವನ ಅಪ್ಪನ ಕಾಲದಲ್ಲಿ ಬೆಳೆ ಕಾಯೋದಕ್ಕೆ ಅಂತ ಕೊಟ್ಟಿದ್ದು. ಇದನ್ನು ಸಿಡಿಸುವುದು ಸಿನಿಮಾದಲ್ಲಿ ನೋಡಿದ ಹಾಗಲ್ಲ, ಅದೊಂದು ಅಡುಗೆ. ಮೊದಲು ನಳಿಗೆಯ ಬಾಯಿಗೆ ಮಸಿ, ಅಂದರೆ ಕರಿ ಮದ್ದು, ಸುರಿಯಬೇಕು. ತೆಂಗಿನ ನಾರು ತುರುಕಿ ಸಲಾಕೆಯಿಂದ ಜಡಿಯಬೇಕು. ಆಮೇಲೆ ಚರೆ, ಮತ್ತೆ ನಾರು, ಮತ್ತೆ ಜಡಿತ. ಹಿಂದುಗಡೆ ಕೇಪು ಕೂರಿಸಿ, ಕುದುರೆ ಅನ್ನುವ ಸುತ್ತಿಗೆ ಎಳೆದು, ಬುಡವನ್ನು ಭುಜಕ್ಕೆ ಆನಿಸಿ, ಒಂದು ಕಣ್ಣು ಮುಚ್ಚುವ ಹೊತ್ತಿಗೆ ಹಂದಿ ಎರಡು ಸಾಲು ಮೆಕ್ಕೆಜೋಳ ಮುಗಿಸಿ, ಮರಿಗಳನ್ನೆಲ್ಲ ಎಣಿಸಿಕೊಂಡು ಪಕ್ಕದವರ ಹೊಲಕ್ಕೆ ದಾಟಿರುತ್ತದೆ. ಒಮ್ಮೆ ಮಳೆಗಾಲದಲ್ಲಿ ಇಷ್ಟೆಲ್ಲ ಆದಮೇಲೆ ಕುದುರೆ ಬಿತ್ತು, 'ಟಕ್' ಅಂದಿತು, ಅಷ್ಟೇ. ಮಸಿ ತೇವವಾಗಿತ್ತು. ಹಂದಿ ತಲೆ ಎತ್ತಿ ಭಾವನನ್ನು ನೋಡಿತಂತೆ. "ಆ ನೋಟ ಇನ್ನೂ ಮರ್ತಿಲ್ಲ ನೋಡು, ಬ್ಯಾಂಕಿನ ಮ್ಯಾನೇಜರ್ ಸಾಲ ಇಲ್ಲ ಅನ್ನುವಾಗ ಹಂಗೇ ನೋಡ್ತಾನ" ಅಂತ ಭಾವ ಈಗಲೂ ಹೇಳುತ್ತಾರೆ.

ಹಾಗಂತ ಭಾವನಿಗೆ ಯಂತ್ರ ಗೊತ್ತಿಲ್ಲ ಅಂತಲ್ಲ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆ ಊರಿಗೆ ಲೇತ್ ಕಲಿಸಿತಲ್ಲ, ಆ ಪಾಠಶಾಲೆಯ ವಿದ್ಯಾರ್ಥಿ ಅವರು. ಬಂದೂಕಿನ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿ, "ಇಲ್ಲಿ ಎರಡು ಥೌ ಸವೆದೈತಿ" ಅನ್ನುತ್ತಾರೆ. ಕೂದಲೆಳೆಗಿಂತ ತೆಳುವಾದ ಸವೆತ ಕಾಣುವ ಆ ಕಣ್ಣಿಗೆ ಮೂವತ್ತು ಮಾರು ದೂರದ ಹಂದಿ ಮಾತ್ರ ಯಾಕೆ ಕಾಣುವುದಿಲ್ಲವೋ, ಅದನ್ನು ಕೇಳುವ ಧೈರ್ಯ ಮನೆಯಲ್ಲಿ ಅಕ್ಕನೊಬ್ಬಳಿಗೇ ಇದೆ. ಅವಳು ದಿನಾ ಕೇಳುತ್ತಾಳೆ.

ಆದರೆ ಭಾವನ ಬೇಟೆ ಹೊಲದಲ್ಲಿ ನಡೆಯುವುದೇ ಇಲ್ಲ, ಬಾಯಲ್ಲಿ ನಡೆಯುತ್ತದೆ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳನ್ನು ಓದಿದ ಮೇಲಂತೂ ಆ ಹಂದಿ ನಿಧಾನಕ್ಕೆ ಬೆಳೆಯತೊಡಗಿತು. ಮೊದಲ ಸಲ ಕೇಳಿದಾಗ ಹಂದಿಗೆ ಕೋರೆ ಇರಲಿಲ್ಲ. ಎರಡನೇ ಸಲಕ್ಕೆ ಗೇಣುದ್ದ ಬಂತು. ಕಳೆದ ದೀಪಾವಳಿಯಲ್ಲಿ ಅದು ಚಿರತೆಯಾಗಿತ್ತು. ಮುಂದಿನ ಯುಗಾದಿಗೆ ಭಾವನನ್ನು ಊಟಕ್ಕೆ ಕರೆಯುವವರು ಹುಲಿಗೂ ಒಂದು ಎಲೆ ಹಾಕುವುದು ಒಳ್ಳೆಯದು.

ಇಷ್ಟರಲ್ಲಿ ಅಮೆರಿಕ ಬಂತು. ಅಕ್ಕನ ಮಗ ಇರುವುದು ಪೆನ್ಸಿಲ್ವೇನಿಯಾದಲ್ಲಿ. ಕಂಪ್ಯೂಟರ್ ಕೆಲಸ. ಇಲ್ಲಿದ್ದಾಗ ಜಿರಳೆ ಕಂಡರೆ ಮಂಚ ಹತ್ತುತ್ತಿದ್ದ ಹುಡುಗ, ಅಲ್ಲಿ ಆಫೀಸಿನವರ ಜೊತೆ ಜಿಂಕೆ ಬೇಟೆಗೆ ಹೊರಟಿದ್ದಾನೆ. ಒಂದು ಭಾನುವಾರ ವಿಡಿಯೋ ಕಾಲ್ ಮಾಡಿ ತನ್ನ ಸಾಮಾನನ್ನೆಲ್ಲ ಒಂದೊಂದಾಗಿ ತೋರಿಸಿದ. ಎಲೆ ಚಿತ್ರದ ಪ್ಯಾಂಟು. ಮರಕ್ಕೆ ಕಟ್ಟಿ ಮೇಲೆ ಕೂರುವ ಕಬ್ಬಿಣದ ಕುರ್ಚಿ. ಭಾವ ಅದನ್ನು ನೋಡಿ, "ಅಟ್ಟಣಿಗೆ! ಇದಕ್ಕೆ ಡಾಲರ್ ಕೊಟ್ಯಾ?" ಅಂದರು. ಮೈವಾಸನೆ ಜಿಂಕೆಗೆ ಗೊತ್ತಾಗದ ಹಾಗೆ ಮಾಡುವ ಸೋಪು. ಇದು ನಮ್ಮೂರಿನವರಿಗೆ ಆಗಿ ಬರುವುದಿಲ್ಲ. ದಾವಣಗೆರೆಯವನು ಯಾವ ಸೋಪು ಹಚ್ಚಿದರೂ ಮೈಯಿಂದ ಬೆಣ್ಣೆ ದೋಸೆಯ ವಾಸನೆ ಹೋಗದು, ಸಂಜೆಯ ಹೊತ್ತಾದರೆ ಮಂಡಕ್ಕಿ ಮಿರ್ಚಿಯದು. ಜಿಂಕೆ ಓಡಿಹೋಗುವ ಬದಲು ಹತ್ತಿರ ಬಂದು ಇನ್ನೊಂದು ಪ್ಲೇಟ್ ಕೇಳೀತು.

ಕೊನೆಗೆ ಅವನು ಒಂದು ಸಣ್ಣ ಬಾಟಲಿ ಎತ್ತಿ ಹಿಡಿದ. "ಇದು ಹೆಣ್ಣು ಜಿಂಕೆಯ ಮೂತ್ರ ಮಾಮಾ. ನೆಲಕ್ಕೆ ಹಾಕಿದರೆ ಗಂಡು ಜಿಂಕೆ ವಾಸನೆ ಹಿಡಿದು ಬರ್ತದೆ. ಅಂಗಡೀಲೇ ಸಿಗ್ತದೆ."

ಮನೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅಕ್ಕ ಕೇಳಿದಳು: "ಅದನ್ನ ಫ್ರಿಜ್‌ನ್ಯಾಗ ಇಟ್ಟಿಲ್ಲ ತಾನೇ?"

ಅಲ್ಲಿ ಬೇಟೆಗೆ ಪಂಚಾಂಗವೇ ಇದೆಯಂತೆ. ಬಿಲ್ಲಿಗೆ ಬೇರೆ ಸೀಸನ್, ರೈಫಲ್ಲಿಗೆ ಬೇರೆ, ಬಾಯಿಂದ ಮದ್ದು ತುಂಬುವ ಬಂದೂಕಿಗೆ ಬೇರೆ. ರೈಫಲ್ ಸೀಸನ್ ಮೊದಲೆಲ್ಲ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರ ಶುರುವಾಗುತ್ತಿತ್ತು, ಹಳ್ಳಿ ಕಡೆಯ ಎಷ್ಟೋ ಶಾಲೆಗಳಿಗೆ ಅವತ್ತು ರಜೆ. 2019ರಿಂದ ಶನಿವಾರಕ್ಕೇ ಶುರು. ಶಾಲೆಗೆ ರಜೆ ಅಂದಾಗ ನನಗೆ ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆ ನೆನಪಾಯಿತು. ನಮ್ಮದು ಎರಡು ವರ್ಷಕ್ಕೊಂದು ಸೀಸನ್. ಅದಕ್ಕೂ ತಯಾರಿ ಬೇಕು, ತಾಳ್ಮೆ ಬೇಕು, ಬೀಗರ ದಂಡನ್ನು ಎದುರಿಸುವ ಗುಂಡಿಗೆ ಬೇಕು. ಪ್ರಾಣಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕೆಲಸವೊಂದು ಇಲ್ಲ.

ಭಾವನ ಕಿವಿ ನೆಟ್ಟಗಾಗಿದ್ದು ಬಾಯಿಂದ ತುಂಬುವ ಬಂದೂಕಿನ ವಿಷಯಕ್ಕೆ. ಕ್ರಿಸ್‌ಮಸ್ ಮುಗಿದ ಮೇಲೆ ಪೆನ್ಸಿಲ್ವೇನಿಯಾದಲ್ಲಿ ಚಕಮಕಿ ಕಲ್ಲಿನ ಬಂದೂಕಿಗೆಂದೇ ಒಂದು ಸೀಸನ್ ಇದೆ, 1974ರಿಂದ. ಕೇಪು ಕೂಡ ಇಲ್ಲ. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು, ಕಿಡಿ ಮಸಿಗೆ ತಾಗಬೇಕು, ಹಿಮದಲ್ಲಿ ಮಸಿ ಒಣಗಿರಬೇಕು. ಇಷ್ಟೆಲ್ಲ ಆಗುವ ತನಕ ಜಿಂಕೆ ನಿಂತಿರಬೇಕು. ಭಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಮೀಸೆಯ ಮೇಲೆ ಕೈ ಆಡಿಸಿ ಅಂದರು: "ಅಮೆರಿಕದೋರು ಇನ್ನೂ ಚಕಮಕಿಯಾಗ ಅದಾರ. ನಮ್ಮಪ್ಪ ಆಗಲೇ ಕೇಪಿಗೆ ಬಂದಿದ್ದ!"

ಆ ದಿನ ಮಧ್ಯಾಹ್ನ ಭಾವ ಒಂದು ರೊಟ್ಟಿ ಜಾಸ್ತಿ ತಿಂದರು.

ನನಗೆ ಮೆಚ್ಚುಗೆಯಾಗಿದ್ದು ಮಾತ್ರ ಕಿತ್ತಳೆ ಬಣ್ಣದ ಜಾಕೀಟು. ರೈಫಲ್ ಸೀಸನ್‌ನಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಅಂಗುಲ ಕಿತ್ತಳೆ ಬಣ್ಣ ಕಾಣಲೇಬೇಕು ಅಂತ ಅಲ್ಲಿ ಕಾನೂನು. ಜಿಂಕೆಯ ಕಣ್ಣಿಗೆ ಕೆಂಪು-ಹಸಿರಿನ ವ್ಯತ್ಯಾಸ ತಿಳಿಯುವುದಿಲ್ಲ, ಹಾಗಾಗಿ ಅದಕ್ಕೆ ಕಿತ್ತಳೆ ಎದ್ದು ಕಾಣದು. ಕಾಣುವುದು ಇನ್ನೊಬ್ಬ ಬೇಟೆಗಾರನಿಗೆ. ಮನುಷ್ಯನನ್ನು ಜಿಂಕೆ ಅಂದುಕೊಂಡು ಯಾರೂ ಹೊಡೆಯದಿರಲಿ ಅಂತ ಈ ಉಪಾಯ. ಇದು ನಮ್ಮವರಿಗೆ ಎಷ್ಟು ತಡವಾಗಿ ತಿಳಿಯಿತು ನೋಡಿ! ನಮ್ಮ ಪುರಾಣಗಳಲ್ಲಿ ಬೇಟೆಗೆ ಹೋಗಿ ನೆಟ್ಟಗೆ ಮನೆಗೆ ಬಂದವರು ಎಷ್ಟು ಜನ? ದಶರಥ ಸದ್ದು ಕೇಳಿ ಬಾಣ ಬಿಟ್ಟ, ಬಿದ್ದವನು ನೀರು ತುಂಬುತ್ತಿದ್ದ ಶ್ರವಣಕುಮಾರ. ಅಪ್ಪನ ಗತಿ ನೋಡಿಯೂ ಮಗ ಬುದ್ಧಿ ಕಲಿಯದೆ ಬಂಗಾರದ ಜಿಂಕೆಯ ಬೆನ್ನು ಹತ್ತಿದ, ಆಮೇಲೆ ಲಂಕೆಯ ತನಕ ನಡೆಯಬೇಕಾಯಿತು. ಪಾಂಡು ಹೊಡೆದ ಜಿಂಕೆ ಋಷಿಯಾಗಿತ್ತು, ಶಾಪ ತಗುಲಿತು. ಅವನ ವಂಶದ ಪರೀಕ್ಷಿತನೂ ಜಿಂಕೆಯ ಹಿಂದೆ ಹೋಗಿಯೇ ಶಾಪ ಹೊತ್ತು ಬಂದ. ಕೃಷ್ಣನ ಪಾದವನ್ನು ಜಿಂಕೆ ಅಂದುಕೊಂಡ ಬೇಡನ ಕತೆ ನಿಮಗೆ ಗೊತ್ತೇ ಇದೆ. ಒಂದು ಕಿತ್ತಳೆ ಜಾಕೀಟು ಇದ್ದಿದ್ದರೆ ಎರಡು ಮಹಾಕಾವ್ಯಗಳು ನೂರಿನ್ನೂರು ಪುಟಕ್ಕೆ ಮುಗಿಯುತ್ತಿದ್ದವು, ಹರಿಕಥೆ ದಾಸರ ಹೊಟ್ಟೆಯ ಮೇಲೆ ಕಲ್ಲು ಬೀಳುತ್ತಿತ್ತು.

ಜಿಂಕೆ ಸೀಸನ್ ನಮ್ಮ ಪಂಚಾಂಗದಲ್ಲೂ ಇಲ್ಲದಿಲ್ಲ. ಜೂನ್ ಎರಡನೇ ವಾರ ಬರುವುದು ಮೃಗಶಿರ ಮಳೆ, ಅಂದರೆ ಜಿಂಕೆಯ ತಲೆ. ಚಳಿಗಾಲದ ರಾತ್ರಿ ಮಾಳಿಗೆ ಹತ್ತಿ ನೋಡಿದರೆ ಆ ಜಿಂಕೆ ಕಾಣುತ್ತದೆ. ಅದರ ಮೈಯಲ್ಲಿ ನಾಟಿದ ಬಾಣದಂತೆ ಸಾಲಾಗಿ ಮೂರು ಚುಕ್ಕಿ. ಸ್ವಲ್ಪ ದೂರದಲ್ಲಿ ಬೇಡ ಲುಬ್ಧಕ ಹೊಳೆಯುತ್ತ ನಿಂತಿದ್ದಾನೆ. ಬಾಣ ತಾಗಿ ಎಷ್ಟೋ ಸಾವಿರ ವರ್ಷವಾಯಿತು, ಜಿಂಕೆ ಬಿದ್ದಿಲ್ಲ, ಬೇಡ ಮನೆಗೆ ಹೋಗಿಲ್ಲ. ಅದೇ ಜೂನ್‌ನಲ್ಲಿ, ಆ ಜಿಂಕೆಯ ಹೆಸರಿನ ಮಳೆ ಸುರಿಯುವಾಗ, ಸೂರ್ಯನೇ ಆ ನಕ್ಷತ್ರದಲ್ಲಿ ಇರುವುದರಿಂದ ಜಿಂಕೆ ಕಣ್ಣಿಗೇ ಬೀಳುವುದಿಲ್ಲ. ಜಿಂಕೆ ಕಾಣದ ಕಾಲವೇ ನಮ್ಮ ಜಿಂಕೆ ಸೀಸನ್. ಆಗ ಬಂದೂಕಲ್ಲ, ಕೂರಿಗೆ ಹೊರಬರುತ್ತದೆ.

ಇನ್ನು ನೆಲದ ಮೇಲಿನ ಜಿಂಕೆಗಳ ವಿಚಾರ. ಹರಿಹರದಿಂದ ಹೊಳೆ ದಾಟಿ ಹೆದ್ದಾರಿ ಹಿಡಿದರೆ ಅರ್ಧ ಗಂಟೆಯೊಳಗೆ ರಾಣೆಬೆನ್ನೂರು. ಅಲ್ಲಿ 1974ರಲ್ಲಿ ಘೋಷಿಸಿದ ಕೃಷ್ಣಮೃಗ ಅಭಯಾರಣ್ಯ ಇದೆ, 119 ಚದರ ಕಿಲೋಮೀಟರ್. ನಮ್ಮದೇ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗ, 2011ರಲ್ಲಿ ಕೊಂಡುಕುರಿಗಳಿಗಾಗಿ ಅಭಯಾರಣ್ಯವಾಯಿತು. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು, ಹೆಣ್ಣಿಗೆ ಒಂದೂ ಇಲ್ಲ. ನಾಲ್ಕು ಕೊಂಬಿದ್ದರೂ ಪಾಪ ಬಹಳ ನಾಚಿಕೆಯ ಪ್ರಾಣಿ, ನಮ್ಮಲ್ಲಿ ಇಲ್ಲದ ಕೊಂಬು ತೋರಿಸಿಕೊಂಡು ಓಡಾಡುವವರ ಹಾಗಲ್ಲ. ತಮಾಷೆ ಅಂದರೆ ಕೃಷ್ಣಮೃಗವಾಗಲಿ ಕೊಂಡುಕುರಿಯಾಗಲಿ ಜಿಂಕೆಯೇ ಅಲ್ಲ. ಜಿಂಕೆಯ ಕೊಂಬು ಕವಲೊಡೆದು ಕಾಲಕಾಲಕ್ಕೆ ಉದುರಿ ಹೊಸದು ಬರುತ್ತದೆ. ಇವುಗಳದು ಒಮ್ಮೆ ಮೂಡಿದರೆ ಸಾವಿನ ತನಕ ಅದೇ ಕೊಂಬು. ಕೃಷ್ಣಮೃಗಕ್ಕೆ ನಮ್ಮ ಕಡೆ ಚಿಗರಿ ಅನ್ನುತ್ತಾರೆ, ಹುಬ್ಬಳ್ಳಿ-ಧಾರವಾಡದಲ್ಲಿ ಅದೇ ಹೆಸರಿನ ಬಸ್ಸು ಓಡುತ್ತದೆ. ಚಿಗರಿ ಹಿಡಿಯುವ ಆಸೆ ಇದ್ದವರು ಅಲ್ಲಿಗೆ ಹೋಗಿ ಟಿಕೆಟ್ ತಗೊಂಡು ಹಿಡಿಯಬಹುದು. ಕಾಲು ಬಲವಿದ್ದರೆ ಸಾಕು, ಮಸಿ ಚರೆ ಬೇಕಿಲ್ಲ.

ಯಾಕೆಂದರೆ ಆ ಇನ್ನೊಂದು ಚಿಗರಿಯನ್ನು ಮುಟ್ಟಿದರೆ ಮೂರರಿಂದ ಏಳು ವರ್ಷ ಒಳಗೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊದಲು ಲೈಸೆನ್ಸ್ ಪಡೆದು ಕೆಲವು ಪ್ರಾಣಿಗಳ ಬೇಟೆಯಾಡುವ ಸಣ್ಣ ಸಂದು ಇತ್ತು, 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಹೊಲ ತಿನ್ನುವ ಹಂದಿಯನ್ನು ಹೊಡೆಯುವುದಕ್ಕೂ ಅರಣ್ಯ ಇಲಾಖೆಯ ಬರಹದ ಅನುಮತಿ ಬೇಕು. ಅನುಮತಿ ಬರುವ ತನಕ ಹಂದಿ ಕಾಯುತ್ತದೆಯೇ ಅಂತ ಭಾವ ಕೇಳುತ್ತಾರೆ. ಕಾಯುತ್ತದೆ ಭಾವ, ತಿನ್ನುತ್ತಾ ಕಾಯುತ್ತದೆ.

ಹಳಗನ್ನಡದ ಕಾಲದಲ್ಲಿ ಹಂದಿ ಬೇಟೆಗೆ ಎಂಥ ಮರ್ಯಾದೆ ಇತ್ತು! ಸುಮಾರು 950ರ ಆತಕೂರು ಶಾಸನ ಇರುವುದೇ ಕಾಳಿ ಅನ್ನುವ ನಾಯಿಯಿಂದಾಗಿ. ಗಂಗ ಬೂತುಗನ ವೀರ ಮಣಲೆರನ ನಾಯಿ ಅದು. ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು, ಈಗ ಆ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಭಾವನ ಹೊಲದಲ್ಲೂ ಒಂದು ನಾಯಿ ಇದೆ. ಹಂದಿ ಬಂದರೆ ಎದ್ದು ಜಾಗ ಬಿಡುತ್ತದೆ.

ಬಂದೂಕಿನ ಕತೆ ಈಗ ಎಲ್ಲಿಗೆ ಬಂದಿದೆ ಅಂದರೆ, ವರ್ಷದಲ್ಲಿ ಅದು ಮನೆಯಲ್ಲಿ ಇರುವುದಕ್ಕಿಂತ ಠಾಣೆಯಲ್ಲಿ ಇರುವುದೇ ಹೆಚ್ಚೇನೋ ಅನ್ನಿಸುತ್ತದೆ. ಚುನಾವಣೆ ಘೋಷಣೆಯಾದರೆ ಬಂದೂಕು ಜಮಾ. ಲೋಕಸಭೆ, ವಿಧಾನಸಭೆ, ಜಿಲ್ಲಾ ಪಂಚಾಯ್ತಿ, ಗ್ರಾಮ ಪಂಚಾಯ್ತಿ, ನಮ್ಮಲ್ಲಿ ಚುನಾವಣೆಗೆ ಬರವೇ? ಭಾವ ಅದನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ, ಹಸುಗೂಸಿನ ಹಾಗೆ ಎದೆಗೊತ್ತಿಕೊಂಡು ಮೊಪೆಡ್ಡಿನ ಹಿಂದೆ ಕೂರುತ್ತಾರೆ, ನಾನು ಓಡಿಸುತ್ತೇನೆ. ಒಮ್ಮೆ ವಾಪಸ್ ತಂದು ದುಪ್ಪಟಿ ಬಿಚ್ಚಿದರೆ ನಳಿಗೆಯ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಬಾಯಿಂದ ತುಂಬುವ ಬಂದೂಕನ್ನು ಕಣಜ ತನ್ನ ಪಾಡಿಗೆ ತಾನು ತುಂಬಿತ್ತು. ಚುನಾವಣೆ ದಿನಾಂಕ ಪಕ್ಷದವರಿಗಿಂತ ಮೊದಲು ಹಂದಿಗಳಿಗೆ ಗೊತ್ತಾಗುತ್ತದೆ ಅನ್ನುವುದು ಭಾವನ ಗಟ್ಟಿ ನಂಬಿಕೆ.

ಹಾಗಾದರೆ ಬೆಳೆ ಉಳಿಸಿದ್ದು ಯಾರು? ಅಕ್ಕ. ಅವಳು ಬಂದೂಕಿನ ಮೇಲಿನ ಆಸೆಯನ್ನು ಎಂದೋ ಬಿಟ್ಟು, ಟ್ರಂಕಿನಲ್ಲಿದ್ದ ಹಳೇ ಸೀರೆಗಳನ್ನೆಲ್ಲ ಹೊರಗೆ ತೆಗೆದಳು. ಹೊಲದ ಸುತ್ತ ಗೂಟ ನೆಟ್ಟು ಸೀರೆ ಎಳೆದು ಕಟ್ಟಿಸಿದಳು. ಬದುವಿನ ಮೇಲೆ ಕ್ಷೌರದಂಗಡಿಯಿಂದ ಚೀಲ ತುಂಬಿ ತಂದ ಕೂದಲು ಚೆಲ್ಲಿಸಿದಳು. ರಾತ್ರಿ ಗಾಳಿಗೆ ಸೀರೆ ಪಟಪಟ ಅಂದರೆ ಹಂದಿಗಳು ನಿಂತು ಯೋಚನೆ ಮಾಡುತ್ತವೆ. ನಮ್ಮ ಕಡೆ ಮೆಕ್ಕೆಜೋಳದ ಹೊಲಗಳು ದೂರದಿಂದ ಮದುವೆ ಮಂಟಪದ ಹಾಗೆ ಕಾಣುವುದು ಇದಕ್ಕೇ. ಕಿತ್ತಳೆ, ನೇರಳೆ, ಗಿಣಿ ಹಸಿರು, ಎಲ್ಲ ಇದೆ. ಪೆನ್ಸಿಲ್ವೇನಿಯಾದ 250 ಚದರ ಅಂಗುಲ ಇಲ್ಲಿ ಎರಡು ಎಕರೆ ಸುತ್ತ. ಭಾವ ಆ ಸೀರೆಗಳ ಮಧ್ಯೆ ಅಟ್ಟಣಿಗೆಯ ಮೇಲೆ ಕೂತು, ಕಾಲು ಇಳಿಬಿಟ್ಟು, ಮಗನಿಗೆ ಫೋನಿನಲ್ಲಿ ಚಿರತೆಯ ಕತೆ ಹೇಳುತ್ತಿರುತ್ತಾರೆ. ಕಳೆದ ವರ್ಷ ಹಂದಿ ತಿಂದದ್ದು ಒಂದು ಮೂಲೆ ಮಾತ್ರ, ಅಲ್ಲಿಗೆ ಸೀರೆ ಸಾಲದೆ ಭಾವನ ಪಂಚೆ ಕಟ್ಟಿದ್ದರು.

ಮೃಗಶಿರ ಹತ್ತಿರ ಬರುತ್ತಿದೆ. ನಿಮ್ಮ ಮನೆಯಲ್ಲಿ ಹಳೇ ಸೀರೆ ಇದ್ದರೆ ಪಾತ್ರೆಯವನಿಗೆ ಕೊಡಬೇಡಿ, ಹರಿಹರಕ್ಕೆ ಕಳಿಸಿ. ನೈಲೆಕ್ಸ್ ಆದರೆ ಒಳ್ಳೆಯದು, ಎರಡು ಮಳೆಗಾಲ ತಡೆಯುತ್ತದೆ. ಇಳಕಲ್ ಸೀರೆ ಮಾತ್ರ ಕಳಿಸಬೇಡಿ, ಅದು ಹೊಲಕ್ಕೆ ಹೋಗುವುದಿಲ್ಲ, ಅಕ್ಕ ಉಟ್ಟುಕೊಳ್ಳುತ್ತಾಳೆ.