ಅಟೆಂಡರಣ್ಣ

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರಣ್ಣನ ಸರ್ವಿಸ್ ಎಷ್ಟೆಂದು ತಿಳಿಯಲು ಆಫೀಸಿಗೆ ಹೋಗಬೇಕಿಲ್ಲ, ಕೈ ನೋಡಿದರೆ ಸಾಕು. ಬೆರಳತುದಿ ನೈಟ್ರಿಕ್ ಆ್ಯಸಿಡ್ಡಿನಿಂದ ಹಳದಿ, ಉಗುರ ಸುತ್ತ ಸಿಲ್ವರ್ ನೈಟ್ರೇಟಿನ ಕಪ್ಪು. ಎರಡೂ ಸೋಪಿಗೆ ಬಗ್ಗುವ ಕಲೆಗಳಲ್ಲ, ಹೊಸ ಚರ್ಮ ಬಂದಾಗಲೇ ಹೋಗಬೇಕು. ಅಣ್ಣನ ಚರ್ಮಕ್ಕೆ ಆ ಪುರುಸೊತ್ತು ಸಿಕ್ಕಿಲ್ಲ.

ಲೇಬಲ್ ಕಿತ್ತುಹೋದ ಬಾಟಲಿ ಕಂಡರೆ ಲೆಕ್ಚರರೇ ಹಿಂದೆ ಸರಿಯುತ್ತಾರೆ. ಅಣ್ಣ ಬಿರಡೆ ತೆಗೆದು ನೇರ ಮೂಗಿಗೆ ಹಿಡಿಯುತ್ತಾರೆ. ಕೈಯಿಂದ ಗಾಳಿ ಬೀಸಿಕೊಂಡು ಮೂಸಬೇಕು ಎಂಬುದು ಅವರು ಹುಡುಗರಿಗೆ ಹೇಳುವ ಪಾಠ. "ಅಮೋನಿಯಾ ಸಾರ್" ಎಂದು ಕಣ್ಣೊರೆಸಿಕೊಳ್ಳುತ್ತಾ ತೀರ್ಪು ಕೊಡುತ್ತಾರೆ. ತೀರ್ಪು ಸರಿಯಾಗೇ ಇರುತ್ತದೆ, ಅದೇ ತೊಂದರೆ.

ಸಲ್ಫ್ಯೂರಿಕ್ ಆ್ಯಸಿಡ್ಡನ್ನು ಡೈಲ್ಯೂಟ್ ಮಾಡುವಾಗ ಮಾತ್ರ ಅವರು ಬೇರೆಯೇ ಮನುಷ್ಯ. ನೀರಿರುವ ಬೀಕರನ್ನು ತಣ್ಣೀರಿನ ಟಬ್ಬಿನಲ್ಲಿಟ್ಟು, ಗಾಜಿನ ಕಡ್ಡಿಗುಂಟ ಆ್ಯಸಿಡ್ಡನ್ನು ಚೂರುಚೂರೇ ಇಳಿಸಿ ಕಲಕುತ್ತಾರೆ. ಪ್ರಿನ್ಸಿಪಾಲರು ಕರೆದರೂ ಓಗೊಡುವುದಿಲ್ಲ. ತಿರುಗಾಮುರುಗಾ ಮಾಡಿ ಆ್ಯಸಿಡ್ಡಿಗೇ ನೀರು ಸುರಿದರೆ, ಹುಟ್ಟುವ ಕಾವಿಗೆ ಮೇಲೆ ನಿಂತ ಹಗುರ ನೀರು ಥಟ್ಟನೆ ಕುದಿದು ಆ್ಯಸಿಡ್ಡನ್ನೂ ಎತ್ತಿಕೊಂಡು ಮುಖಕ್ಕೆ ಹಾರುತ್ತದೆ. ಇಷ್ಟನ್ನೂ ಅಣ್ಣ ಒಂದೇ ಮಾತಿನಲ್ಲಿ ವಿವರಿಸುತ್ತಾರೆ: "ಮದುವೆ ಆಗ್ಬೇಕೋ ಬೇಡ್ವೋ?"

ಹಾಗಾದರೆ ಸೇಫ್ಟಿ ಕನ್ನಡಕ ಕೊಡಿ ಎಂದು ಯಾರಾದರೂ ಹುಡುಗಿ ಕೇಳಿದರೆ ಮುಗಿಯಿತು. ಕನ್ನಡಕಗಳೇನೋ ಇವೆ, ಬೀರುವಿನಲ್ಲಿ, ಕವರ್ ಸಮೇತ. "ಗೀರು ಬೀಳುತ್ತಮ್ಮಾ. ಸ್ಟಾಕ್ ವೆರಿಫಿಕೇಷನ್‌ಗೆ ಬಂದೋರಿಗೆ ಏನು ತೋರಿಸ್ಲಿ?" ಕಣ್ಣು ಸ್ಟಾಕ್ ರಿಜಿಸ್ಟರಿನಲ್ಲಿ ಇಲ್ಲವಲ್ಲ!

ಫ್ಯೂಮ್ ಕಪ್‌ಬೋರ್ಡಿನ ಫ್ಯಾನು ಕೆಟ್ಟ ಮೇಲೆ ಅದರೊಳಗೆ ಹಳೇ ರೆಕಾರ್ಡ್ ಪುಸ್ತಕಗಳು ಸಂಸಾರ ಹೂಡಿವೆ. ಹೀಗಾಗಿ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡು ಕಿಟಕಿ ದಾಟಿ ಪಕ್ಕದ ಇತಿಹಾಸದ ಕ್ಲಾಸಿಗೆ ಹಾಜರಾಗುತ್ತದೆ. "ಐದು ನಿಮಿಷ, ವಾಸನೆ ತಾನೇ ಹೋಗುತ್ತೆ" ಎನ್ನುತ್ತಾರೆ ಅಣ್ಣ. ಆ ಅನಿಲ ಮೊದಲು ಸೋಲಿಸುವುದು ಮೂಗನ್ನೇ. ಹೋಗುವುದು ವಾಸನೆ ತಿಳಿಯುವ ಶಕ್ತಿ, ಅನಿಲ ಅಲ್ಲೇ ಇರುತ್ತದೆ.

ಆಯುಧಪೂಜೆಗೆ ತಕ್ಕಡಿಯಿಂದ ಹಿಡಿದು ಬೆಂಕಿ ಆರಿಸುವ ಸಿಲಿಂಡರಿನವರೆಗೆ ಎಲ್ಲಕ್ಕೂ ಕುಂಕುಮ, ಸೇವಂತಿಗೆ. ಸಿಲಿಂಡರನ್ನು ಯಾರಾದರೂ ಮುಟ್ಟುವುದು ಆವತ್ತೊಂದೇ ದಿನ.

ಬಾಗಿಲ ಪಕ್ಕದಲ್ಲಿ ಅಣ್ಣನ ಕೈಬರಹದ ದಂಡದ ಪಟ್ಟಿ ಅಂಟಿಸಿದೆ. ಬ್ಯೂರೆಟ್ ಒಡೆದರೆ ಇಷ್ಟು, ಪಿಪೆಟ್ ಒಡೆದರೆ ಇಷ್ಟು. ಪಿಪೆಟ್ಟಿಗೆ ಬಾಯಿಟ್ಟು ಹೀರಿದವರಿಗೆ ಮಾತ್ರ ದಂಡವಿಲ್ಲ. ಹೀರಲು ಬೇಕಾದ ರಬ್ಬರ್ ಬಲ್ಬುಗಳೂ ಬೀರುವಿನಲ್ಲೇ ಇವೆ.