ದುದ್ದದಲ್ಲೊಂದು ಸಿ ಡ್ರೈವು

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟಿನವರು ವಿಂಡೋಸ್ 10ಕ್ಕೆ ಎಳ್ಳುನೀರು ಬಿಟ್ಟರು. ಹನ್ನೊಂದನ್ನು ಹಾಕಿಕೊಳ್ಳೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬುದು ಬೇಕೇ ಬೇಕಂತೆ. ನನ್ನ ಕಂಪ್ಯೂಟರಿನಲ್ಲಿ ಅದಿಲ್ಲ. ಬೆಂಗಳೂರಿನಿಂದ ಬಂದ ಅಕ್ಕನ ಮಗ, "ಲಿನಕ್ಸ್ ಹಾಕ್ತೀನಿ ಮಾವ, ಒಂದು ಪೈಸೆ ಖರ್ಚಿಲ್ಲ" ಎಂದ. ಪುಕ್ಕಟೆ ಎಂದರೆ ಬೇಡ ಎನ್ನುವ ಮೇಷ್ಟ್ರು ಹಾಸನ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಆದರೆ ದುದ್ದ ಹೋಬಳಿಯ ಅರ್ಧ ಅಹವಾಲು ನನ್ನ ಕಂಪ್ಯೂಟರಿನ 'ನುಡಿ'ಯಲ್ಲಿ ಕೂತಿದೆ. ಪೋಡಿ ಅರ್ಜಿ, ನಾಮಕರಣದ ಕಾಗದ, ಅಣ್ಣತಮ್ಮಂದಿರ ಪಾಲುಪಟ್ಟಿ. ಕನ್ನಡ ಗಣಕ ಪರಿಷತ್ತಿನ ಈ ಬರಹದ ತಂತ್ರಾಂಶ ಹುಟ್ಟಿದ್ದೇ ವಿಂಡೋಸಿನ ಮನೆಯಲ್ಲಿ. ಅದರ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ಫಾಂಟಿಲ್ಲದ ಕಡೆ ಫೈಲು ತೆರೆದರೆ 'ಕನ್ನಡ' ಎಂಬಲ್ಲಿ ಒಂದು ದೊಡ್ಡ ಪಿ, ತಲೆಯ ಮೇಲೆ ಗೀಟೆಳೆದುಕೊಂಡ ಎ, ಪೌಂಡಿನ ಗುರುತು, ಮತ್ತದೇ ಎ, ಆಮೇಲೆ ಜರ್ಮನರ ಒಂದು ಅಕ್ಷರ, ಹೀಗೆ ಏನೇನೋ. ಟೀಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರು, ಸುಟ್ಟಿದೆಯೆಂದು ಅರ್ಜಿ ಬರೆಸಲು ಬಂದ ಶುಂಠಿ ಬೆಳೆಗಾರರು ಪರದೆ ನೋಡಿ, "ಇಂಗ್ಲೀಸ್ನಾಗೆ ಯಾಕ್ ಬರೀತೀರ ಮೇಷ್ಟ್ರೇ, ಸಾಹೇಬ್ರಿಗೆ ಕನ್ನಡ ಬತ್ತದೆ" ಎಂದರು.

ಫಾಂಟು ಹಾಕಿದರೆ ಓದಲು ಬರುತ್ತದೆ. ಹೊಸದಾಗಿ ಬರೆಯಲು ನುಡಿಯೇ ಓಡಬೇಕಲ್ಲ? ಅದಕ್ಕೆ ಹುಡುಗ, ವಿಂಡೋಸಿನ ಪ್ರೋಗ್ರಾಂಗಳನ್ನು ಲಿನಕ್ಸಿನಲ್ಲಿ ಓಡಿಸುವ 'ವೈನ್' ಹಾಕಿಕೊಟ್ಟ. 1993ರಲ್ಲಿ ಶುರುವಾದ ಕೆಲಸ; ಮರುವರ್ಷದಿಂದ ಅಲೆಕ್ಸಾಂಡ್ರೆ ಜುಲಿಯಾರ್ಡ್ ಅದರ ಮೇಸ್ತ್ರಿ; 1.0 ಎಂದು ಹೇಳಿಕೊಳ್ಳುವಷ್ಟು ಆದದ್ದು 2008ರ ಜೂನ್‌ನಲ್ಲಿ. ನಮ್ಮ ಹಾಸನ–ಅರಸೀಕೆರೆ ರಸ್ತೆಯ ಬದಿಯ ಕಾಮಗಾರಿಗಳನ್ನು ನೋಡುತ್ತ ಬೆಳೆದವನಿಗೆ ಹದಿನೈದು ವರ್ಷ ತಡವೆನಿಸಲಿಲ್ಲ.

ವೈನ್ ಮಾಡುವುದು ಅಳಿಯನ ಉಪಚಾರ. ಬೆಂಗಳೂರಿನ ಅಳಿಯ ಹಬ್ಬಕ್ಕೆ ಬಂದರೆ ಅತ್ತೆಮನೆಯವರು ಕಮೋಡು ಕೂರಿಸಿ, ಫಿಲ್ಟರ್ ನೀರು ತರಿಸಿ, ಅವನು ಊರು ಬಿಟ್ಟು ಬಂದಿದ್ದೇನೆಂದು ತಿಳಿಯದಂತೆ ನೋಡಿಕೊಳ್ಳುತ್ತಾರಲ್ಲ, ಹಾಗೆ. ವಿಂಡೋಸ್ ಪ್ರೋಗ್ರಾಂ ಬಂದು "ಸಿ ಡ್ರೈವ್ ಎಲ್ಲಿ?" ಎನ್ನುತ್ತದೆ. ಲಿನಕ್ಸಿನಲ್ಲಿ ಸಿ ಇಲ್ಲ, ಡಿ ಇಲ್ಲ. ವೈನ್ ಒಂದು ಫೋಲ್ಡರು ತೋರಿಸಿ "ಇದೇ" ಎನ್ನುತ್ತದೆ. "ಕಿಟಕಿ ತೆರೆ, ಫೈಲು ಉಳಿಸು" ಎಂದು ಅಳಿಯ ತನ್ನ ಭಾಷೆಯಲ್ಲಿ ಹೇಳಿದ್ದನ್ನೆಲ್ಲ ಲಿನಕ್ಸಿಗೆ ತಿಳಿಯುವಂತೆ ಹೇಳಿ ಮಾಡಿಸುತ್ತದೆ. ಉಪಚಾರ ಎಷ್ಟೆಂದರೆ, ವಿಂಡೋಸಿಗೆಂದು ಬರೆದ ಎಷ್ಟೋ ವೈರಸ್ಸುಗಳೂ ಇಲ್ಲಿ ಸುಖವಾಗಿ ಓಡುತ್ತವೆ. ಬಾಗಿಲಿಗೆ ಬಂದವರನ್ನು ಕಳ್ಳನೋ ಅಳಿಯನೋ ಎಂದು ಕೇಳುವ ಅಭ್ಯಾಸ ವೈನಿಗಿಲ್ಲ. ಲಿನಕ್ಸಿಗೆ ವೈರಸ್ ಬರುವುದಿಲ್ಲವೆಂದು ಜಂಬ ಕೊಚ್ಚುವವರು ಇದನ್ನು ಮೆಲ್ಲಗೆ ಹೇಳುತ್ತಾರೆ.

ನುಡಿ ತೆರೆಯಿತು. ಕೆ.ಪಿ. ರಾವ್ ಅವರ ವಿನ್ಯಾಸವನ್ನೇ ಆಧರಿಸಿದ ಅದರ ಕೀಲಿಮಣೆ ನನ್ನ ಬೆರಳಿಗೆ ಎಂದೋ ಅಂಟಿಬಿಟ್ಟಿದೆ, ಹಾಗಾಗಿ ನಾನು ಹಿಗ್ಗಿದೆ. ಅದರ ಸ್ವಂತ ಕಿಟಕಿಯೊಳಗೆ ಕನ್ನಡ ಸರಾಗ. ಪಕ್ಕದಲ್ಲಿ ತೆರೆದ ಲಿಬ್ರೆಆಫೀಸಿಗೆ ಹೋದರೆ ಬರೀ ಇಂಗ್ಲಿಷ್. ನುಡಿಯದು ಇದರಲ್ಲಿ ತಪ್ಪಿಲ್ಲ. ವೈನಿನ ಮನೆಯೊಳಗೆ ಒತ್ತಿದ ಕೀಲಿಗಳಷ್ಟೇ ಅದಕ್ಕೆ ಕೇಳಿಸುತ್ತವೆ. ಹೊಸಿಲಾಚೆಯದು ಲಿನಕ್ಸಿನ ವ್ಯವಹಾರ. ಕೊನೆಗೆ ಒಳಗೆ ಟೈಪಿಸಿ, ಕಾಪಿ ಮಾಡಿ, ಹೊರಗೆ ಅಂಟಿಸಿ, ಮೇಲೆ ನುಡಿ ಫಾಂಟು ಹಚ್ಚುವುದೆಂದಾಯಿತು. ಲಿನಕ್ಸಿನಲ್ಲೇ ಯೂನಿಕೋಡ್ ಕನ್ನಡ ಸಲೀಸಾಗಿ ಬರುತ್ತದೆಂದು ಹುಡುಗ ಹೇಳುತ್ತಲೇ ಇದ್ದ. ಇಪ್ಪತ್ತು ವರ್ಷದ ಅರ್ಜಿಗಳ ಒಕ್ಕಣೆ ಬಿಟ್ಟು ಹೊಸದಾಗಿ ಯಾರು ಬರೆಯುತ್ತಾರೆ? ಹೆಸರು, ಸರ್ವೆ ನಂಬರು ಬದಲಿಸಿದರೆ ಮುಗಿಯಿತು.

ಶುಂಠಿಯವರು ಇಷ್ಟೂ ಹೊತ್ತು ಜಗಲಿಯಲ್ಲೇ ಕೂತು ಕೇಳುತ್ತಿದ್ದರು.

"ಅಂದ್ರೆ, ಇಲ್ದೇ ಇರೋ ವಿಂಡೋಸು ಐತೆ ಅಂತ ನಂಬ್ಸೋದು."

"ಹೂಂ, ಹಾಗೇ ಅಂದ್ಕೊಳ್ಳಿ."

"ಅದೂ ನಂಬ್ಕಂಡು ಕೆಲ್ಸ ಮಾಡ್ತದಾ?"

"ಮಾಡುತ್ತೆ."

ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಹಂಗಾದ್ರೆ ಅರ್ಜಿ ಬುಡಿ ಮೇಷ್ಟ್ರೇ. ಅದ್ನೇ ತಂದು ನಮ್ ಮೋಟ್ರಿಗೆ ಹಾಕ್ಕೊಡಿ. ಟೀಸಿ ಐತೆ, ಕರೆಂಟ್ ಬತ್ತಾ ಐತೆ ಅಂತ ನಂಬ್ಕಂಡು ನೀರೆತ್ತಲಿ."